ಆಯುಸ್ಸು ತೀರಿತೆಂಬ ಮಾತು

ಸಾವಿನ ಮನೆಯಲ್ಲಿ ಆಡುವುದಕ್ಕೆ ಯೋಗ್ಯವಾದ ಮಾತುಗಳು ಬಹಳ ಇಲ್ಲ. ಬಂದವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡೆಗೆ ಅವರಲ್ಲೊಬ್ಬರು, "ಏನು ಮಾಡುವುದು, ಅವರ ಆಯುಸ್ಸು ಅಷ್ಟೇ ಇತ್ತು" ಎನ್ನುತ್ತಾರೆ. ಉಳಿದವರು ತಲೆದೂಗುತ್ತಾರೆ. ಈ ಮಾತನ್ನು ಮೌಢ್ಯವೆಂದು ನಗುವವರು ಅದರ ಉಪಯೋಗವನ್ನು ಅರಿಯರು. ಬದುಕಿ ಉಳಿದವರ ಎದೆಯ ಮೇಲಿನ ಭಾರವನ್ನು ಅದು ಇಳಿಸುತ್ತದೆ. ಇನ್ನೊಬ್ಬ ವೈದ್ಯನಿಗೆ ತೋರಿಸಿದ್ದರೆ, ಆ ದಿನ ಪ್ರಯಾಣ ಹೊರಡದಿದ್ದರೆ, ಹಿಂದಿನ ರಾತ್ರಿ ಎದೆನೋವೆಂದಾಗ ಸುಮ್ಮನಿರದಿದ್ದರೆ ಎಂದು ಮುಂತಾಗಿ ಕೊನೆಯಿಲ್ಲದೆ ಹುಟ್ಟುವ 'ಆಗಿದ್ದರೆ'ಗಳ ಬಾಯನ್ನು ಮುಚ್ಚಿಸುವ ಶಕ್ತಿ ಅದೊಂದಕ್ಕೇ ಇದೆ. ಶೋಕದಲ್ಲಿರುವವರಿಗೆ ತತ್ತ್ವಜ್ಞಾನವು ಕೊಟ್ಟಿರುವ ಔಷಧಗಳಲ್ಲಿ ಇದು ಬಹುಶಃ ಎಲ್ಲಕ್ಕೂ ಹಳೆಯದು.

ಆದರೆ ಇದೇ ಮಾತನ್ನು ಮತ್ತೊಂದು ಹೊತ್ತಿನಲ್ಲಿಯೂ ಆಡುವುದುಂಟು. ಮನುಷ್ಯನು ಈಗತಾನೆ ಕುಸಿದು ಬಿದ್ದಿದ್ದಾನೆ, ಮೈಯಿನ್ನೂ ಬಿಸಿಯಾಗಿದೆ, ಸುತ್ತಲೂ ಜನ ನೆರೆದಿದ್ದಾರೆ, ಅಷ್ಟರಲ್ಲಿ ಯಾರೋ ಹಿರಿಯರು ಮೂಗಿನ ಬಳಿ ಬೆರಳಿಟ್ಟು ನೋಡಿ, "ಆಯುಸ್ಸು ತೀರಿತು" ಎಂದುಬಿಡುತ್ತಾರೆ. ಮಾತು ಎರಡು ಕಡೆಯಲ್ಲಿಯೂ ಒಂದೇ. ಹೊತ್ತು ಮಾತ್ರ ಬೇರೆ. ಒಂದು ಹೊತ್ತಿನಲ್ಲಿ ಅದು ಸಮಾಧಾನ. ಇನ್ನೊಂದು ಹೊತ್ತಿನಲ್ಲಿ ಅದು ತೀರ್ಪು. ಆ ತೀರ್ಪನ್ನು ಕೊಡುವ ಅಧಿಕಾರವು ಸುತ್ತ ನಿಂತವರಿಗೆ ಆ ಹೊತ್ತಿನಲ್ಲಿ ಉಂಟೇ ಎಂಬುದೇ ಇಲ್ಲಿ ವಿಚಾರಿಸಬೇಕಾಗಿರುವ ಪ್ರಶ್ನೆ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಸಿರುಗುಪ್ಪದ ಒಂದು ಅಕ್ಕಿ ಗಿರಣಿ. ತುಂಗಭದ್ರೆಯ ನೀರುಂಡ ಗದ್ದೆಗಳಿಂದ ಸುಗ್ಗಿಯ ಭತ್ತವು ಬಂದು ಅಂಗಳದಲ್ಲಿ ರಾಶಿಯಾಗಿ ಬಿದ್ದಿದೆ. ಲಾರಿಗಳು ಸಾಲಾಗಿ ನಿಂತಿವೆ. ಹಮಾಲರು ಮೂಟೆ ಹೊರುತ್ತಿದ್ದಾರೆ. ಲೆಕ್ಕದ ಗುಮಾಸ್ತನು ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಬೀಳುತ್ತಾನೆ. ಐವತ್ತರ ವಯಸ್ಸು, ಬೆಳಗಿನಿಂದ ಸ್ವಲ್ಪ ಎದೆಯುರಿ ಎನ್ನುತ್ತಿದ್ದುದನ್ನು ಬಿಟ್ಟರೆ ಗಟ್ಟಿಯಾಗಿದ್ದ ಮನುಷ್ಯ. ಕ್ಷಣದಲ್ಲಿ ಹದಿನೈದು ಮಂದಿ ಸುತ್ತುವರಿಯುತ್ತಾರೆ. ಒಬ್ಬನು ಮುಖಕ್ಕೆ ನೀರು ಚಿಮುಕಿಸುತ್ತಾನೆ. ಮತ್ತೊಬ್ಬನು ಬಾಯೊಳಗೂ ಸ್ವಲ್ಪ ನೀರು ಬಿಡಲು ನೋಡುತ್ತಾನೆ. ಮೈಯೊಮ್ಮೆ ಅದುರಿದುದರಿಂದ, ಮೂರ್ಛೆರೋಗವೆಂದು ಯಾರೋ ಅಂಗೈಯಲ್ಲಿ ಕಬ್ಬಿಣದ ಬೀಗದಕೈಯನ್ನಿಡುತ್ತಾರೆ. ಇನ್ನೊಬ್ಬನು ಅಡುಗೆಯವಳ ಬಳಿಗೆ ಓಡಿ ಈರುಳ್ಳಿ ತರುತ್ತಾನೆ. ಇಬ್ಬರು ಅಂಗಾಲುಗಳನ್ನು ತಿಕ್ಕುತ್ತಾರೆ. ಹೆಗಲ ಮೇಲಿನ ವಸ್ತ್ರದಿಂದ ಗಾಳಿ ಬೀಸುವವರಿಗೆ ಲೆಕ್ಕವಿಲ್ಲ. ಮಾಲೀಕನು ೧೦೮ಕ್ಕೆ ಫೋನು ಮಾಡುತ್ತಾನೆ. ಬಿದ್ದವನ ಗಂಟಲಿನಿಂದ ಗೊರಕೆಯಂತಹ ಸದ್ದು ಬಿಟ್ಟು ಬಿಟ್ಟು ಬರುತ್ತಿರುವುದನ್ನು ಕೇಳಿ, "ಉಸಿರಿದೆ, ಉಸಿರಿದೆ" ಎಂದು ಎಲ್ಲರೂ ಧೈರ್ಯ ತಂದುಕೊಳ್ಳುತ್ತಾರೆ. ಆ ಸದ್ದೂ ನಿಲ್ಲುತ್ತದೆ. ಆಗ ಹಿರಿಯರ ಆ ಮಾತು ಬರುತ್ತದೆ.

ಆ ಅಂಗಳದಲ್ಲಿ ಕಲ್ಲೆದೆಯವರು ಯಾರೂ ಇರಲಿಲ್ಲ. ನೋಡಿ ನಗುತ್ತ ನಿಂತವರಿಲ್ಲ. ನನಗೇಕೆಂದು ಹೋದವರೂ ಇಲ್ಲ. ಹದಿನೈದು ಮಂದಿಯ ಮೂವತ್ತು ಕೈಗಳು ಒಂದಲ್ಲ ಒಂದು ಕೆಲಸವನ್ನು ಮಾಡುತ್ತಲೇ ಇದ್ದುವು. ಇಷ್ಟು ದಯೆಯ ನಡುವೆ, ಮಾಡಬೇಕಾಗಿದ್ದ ಒಂದೇ ಒಂದು ಕೆಲಸವು ಮಾತ್ರ ನಡೆಯದೆ ಹೋಯಿತು. ದಯೆಯಿಲ್ಲದ ಧರ್ಮವಿಲ್ಲವೆಂದು ಕೇಳಿ ಬೆಳೆದ ನಾಡಿನಲ್ಲಿ, ದಯೆಯೊಂದೇ ಸಾಲದ ಸಂದರ್ಭವೂ ಇದೆಯೆಂದು ತಿಳಿಯುವುದು ಸ್ವಲ್ಪ ಕಷ್ಟವೇ.

ಆ ಕೆಲಸವು ಯಾವುದೆಂದು ತಿಳಿಯಬೇಕಾದರೆ, ಬಿದ್ದವನ ಎದೆಯೊಳಗೆ ಏನು ನಡೆಯುತ್ತದೆಂಬುದನ್ನು ನೋಡಬೇಕು. ಹೃದಯಾಘಾತವೆಂಬುದೂ ಹೃದಯಸ್ತಂಭನವೆಂಬುದೂ ಜನರ ಮಾತಿನಲ್ಲಿ ಒಂದೇ ಆಗಿಬಿಟ್ಟಿವೆ. ವೈದ್ಯರಿಗೆ ಅವು ಎರಡು. ಹೃದಯದ ಮಾಂಸಕ್ಕೆ ರಕ್ತವನ್ನೊಯ್ಯುವ ನಾಳವು ಕಟ್ಟಿಕೊಂಡರೆ ಅದು ಆಘಾತ. ಆಗ ಮನುಷ್ಯನಿಗೆ ಸಾಮಾನ್ಯವಾಗಿ ಪ್ರಜ್ಞೆಯಿರುತ್ತದೆ. ಎದೆ ಹಿಂಡುತ್ತದೆ, ಬೆವರುತ್ತದೆ, ನೋವು ಎಡಗೈಗೋ ದವಡೆಗೋ ಹರಿಯುತ್ತದೆ. ಗಂಟೆಗಳ ಲೆಕ್ಕದಲ್ಲಿ ಅವಕಾಶವೂ ಇರುತ್ತದೆ. ಹೃದಯವು ರಕ್ತವನ್ನು ನೂಕುವುದನ್ನೇ ನಿಲ್ಲಿಸಿದರೆ ಅದು ಸ್ತಂಭನ. ಇಲ್ಲಿ ಅವಕಾಶವು ನಿಮಿಷಗಳದ್ದು. ಮೊದಲನೆಯದು ಎಷ್ಟೋ ವೇಳೆ ಎರಡನೆಯದಕ್ಕೆ ಬಾಗಿಲಾಗುತ್ತದೆ. ಗುಮಾಸ್ತನ ಬೆಳಗಿನ ಎದೆಯುರಿಯು ಆ ಬಾಗಿಲ ಸದ್ದಾಗಿದ್ದಿರಬಹುದು.

ಸ್ತಂಭನವೆಂದ ಮಾತ್ರಕ್ಕೆ ಹೃದಯವು ಕಲ್ಲಿನಂತೆ ನಿಂತಿರುತ್ತದೆಂದು ತಿಳಿಯಬಾರದು. ದೊಡ್ಡವರು ಹಠಾತ್ತಾಗಿ ಬಿದ್ದಾಗ ಎಷ್ಟೋ ವೇಳೆ ಅದು ಮೊದಲ ಕೆಲವು ನಿಮಿಷ ಕಂಪಿಸುತ್ತಿರುತ್ತದೆ. ಭಜನೆಯ ಮೇಳದಲ್ಲಿ ಪ್ರತಿಯೊಬ್ಬನೂ ತನ್ನ ತಾಳವನ್ನು ತಾನೇ ಹಾಕತೊಡಗಿದರೆ ಸದ್ದಿರುತ್ತದೆ, ಹಾಡಿರುವುದಿಲ್ಲ. ಹಾಗೆಯೇ ಹೃದಯದ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಅದುರುತ್ತಿರುತ್ತದೆ, ರಕ್ತ ಮಾತ್ರ ಮುಂದೆ ಸಾಗುವುದಿಲ್ಲ. ಆ ಗೊರಕೆಯೂ ಉಸಿರಾಟವಲ್ಲ. ರಕ್ತವಿಲ್ಲದೆ ಸೊರಗುತ್ತಿರುವ ಮೆದುಳಿನ ಕೊನೆಯ ಕೂಗು. ನಾಲ್ಕಾರು ನಿಮಿಷಗಳಲ್ಲಿ ಮೆದುಳು ಕೆಡತೊಡಗುತ್ತದೆ. ಕಂಪಿಸುವ ಹೃದಯವನ್ನು ಮತ್ತೆ ತಾಳಕ್ಕೆ ತರಲು ವಿದ್ಯುತ್ತಿನ ಒಂದು ಆಘಾತ ಬೇಕು. ಅದು ಬರುವವರೆಗೆ ಮೆದುಳಿಗೆ ಒಂದಿಷ್ಟು ರಕ್ತವನ್ನು ತಲಪಿಸುತ್ತಿರಲು, ಎದೆಯ ನಡುವಿನ ಎಲುಬಿನ ಮೇಲೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಬಲವಾಗಿ ಒತ್ತಬೇಕು. ನಿಮಿಷಕ್ಕೆ ೧೦೦ರಿಂದ ೧೨೦ ಸಲ, ಎರಡು ಅಂಗುಲದಷ್ಟು ಆಳಕ್ಕೆ, ಪ್ರತಿಯೊಂದು ಸಲವೂ ಎದೆಯು ಪೂರ್ತಿಯಾಗಿ ಮೇಲೇಳಲು ಬಿಟ್ಟು. ಅಷ್ಟೇ. ಹೀಗೆ ಒತ್ತಿದರೆ ಎಂದಿನ ಹರಿವಿನ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ರಕ್ತವು ಹರಿಯಬಲ್ಲುದು. (ಕಾಲುವೆಯಲ್ಲಿ ಮುಳುಗಿ ಎತ್ತಲ್ಪಟ್ಟವನಿಗೂ ಚಿಕ್ಕ ಮಕ್ಕಳಿಗೂ ಬಾಯಿಂದ ಉಸಿರನ್ನೂ ಊದಬೇಕಾಗುತ್ತದೆ, ಕಾಲುವೆಗಳ ನಾಡಿನವರು ಅದನ್ನೂ ಕಲಿತಿರುವುದು ಒಳ್ಳೆಯದು.)

ಇಷ್ಟು ಸರಳವಾದ ಕೆಲಸವು ಮನುಷ್ಯಕುಲಕ್ಕೆ ತಿಳಿದದ್ದು ಬಹಳ ತಡವಾಗಿ. ಹೃದಯವನ್ನು ಸದ್ಯಃಪ್ರಾಣಹರವಾದ ಮರ್ಮಗಳಲ್ಲಿ ಒಂದೆಂದು ಸುಶ್ರುತನು ಎಣಿಸಿದ್ದನು. ಅಲ್ಲಿ ಪೆಟ್ಟು ಬಿದ್ದರೆ ಪ್ರಾಣವು ನಿಲ್ಲದೆಂಬುದು ಪ್ರಾಚೀನರಿಗೆ ತಿಳಿದಿತ್ತು, ನಿಂತುದನ್ನು ನಡೆಸುವ ಬಗೆ ತಿಳಿದಿರಲಿಲ್ಲ. ೧೯೪೭ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯನು ಹದಿನಾಲ್ಕು ವರ್ಷದ ಬಾಲಕನೊಬ್ಬನ ಕಂಪಿಸುವ ಹೃದಯವನ್ನು ವಿದ್ಯುತ್ತಿನಿಂದ ಸರಿಪಡಿಸಿದನು. ಆದರೆ ಅದಕ್ಕೆ ಎದೆಯನ್ನು ಸೀಳಿ ಹೃದಯವನ್ನು ಕೈಯಲ್ಲಿ ಹಿಡಿಯಬೇಕಾಗಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಯುತ್ತಿದ್ದಾಗ, ವಿದ್ಯುತ್ ಹಾಯಿಸುವ ಭಾರವಾದ ಫಲಕಗಳನ್ನು ಎದೆಯ ಮೇಲೆ ಒತ್ತಿದ ಮಾತ್ರಕ್ಕೇ ರಕ್ತದ ಒತ್ತಡವು ಕೊಂಚ ಏರುವುದನ್ನು ನಿಕರ್‌ಬಾಕರ್ ಎಂಬ ತರುಣನು ಗಮನಿಸಿದನು. ಅವನೂ ಕೌವೆನ್‌ಹೋವನ್, ಜೂಡ್ ಎಂಬಿಬ್ಬರೂ ಸೇರಿ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿ ೧೯೬೦ರಲ್ಲಿ ಪ್ರಕಟಿಸಿದರು. ಎಲ್ಲಿ ಬೇಕಾದರೂ, ಯಾರು ಬೇಕಾದರೂ ಮಾಡಬಹುದು, ಬೇಕಾದದ್ದು ಎರಡು ಕೈಗಳು ಎಂಬುದು ಅವರ ಲೇಖನದ ಸಾರ. ಕೌವೆನ್‌ಹೋವನ್ ವೈದ್ಯನಲ್ಲ, ವಿದ್ಯುತ್ತಿನ ಎಂಜಿನಿಯರ್ ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

ಹಾಗಾದರೆ ೧೯೬೦ಕ್ಕೆ ಮುಂಚೆ ದಾರಿಯಲ್ಲಿ ಬಿದ್ದು ಸತ್ತವನ ವಿಷಯದಲ್ಲಿ "ಆಯುಸ್ಸು ತೀರಿತು" ಎಂಬುದು ಪೂರ್ಣ ಸತ್ಯವಾಗಿತ್ತು. ಸುತ್ತ ನಿಂತವರಿಗೆ ಗೊತ್ತಿರದಿದ್ದುದು ಯಾರಿಗೂ ಗೊತ್ತಿರಲಿಲ್ಲ. ಆ ಬಳಿಕ ಅದು ಅರ್ಧಸತ್ಯವಾಯಿತು. ಕಾಲನ ಅಧಿಕಾರದಿಂದ ಕೆಲವು ನಿಮಿಷಗಳನ್ನು ಕಿತ್ತು ನೆರೆಯವರ ಕೈಗೆ ಕೊಟ್ಟಂತಾಯಿತು. ಆ ಕೊಡುಗೆಯನ್ನು ಕೇಳಿದವರು ಯಾರೂ ಇಲ್ಲ, ಬೇಡವೆಂದು ಹಿಂದಕ್ಕೆ ಕೊಡುವಂತೆಯೂ ಇಲ್ಲ.

ಬಳ್ಳಾರಿಯ ಸೀಮೆಯಲ್ಲಿ ಈ ನಿಮಿಷಗಳ ಲೆಕ್ಕವನ್ನು ದಾರಿಯ ಲೆಕ್ಕದೊಡನೆ ಇಟ್ಟು ನೋಡಬೇಕು. ಬಳ್ಳಾರಿಯಲ್ಲಿ ೧೯೬೧ರಷ್ಟು ಹಿಂದೆಯೇ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಹೆಸರು ಬದಲಾದರೂ ಜನರು ಇನ್ನೂ ವಿಮ್ಸ್ ಎಂದೇ ಕರೆಯುವ ಅದರ ಆಸ್ಪತ್ರೆಯು ಸುತ್ತಲಿನ ಜಿಲ್ಲೆಗಳಿಗೂ ಗಡಿಯಾಚೆಯ ಆಂಧ್ರದ ಹಳ್ಳಿಗಳಿಗೂ ಆಸರೆ. ಕುರುಗೋಡಿನಿಂದ ಅಲ್ಲಿಗೆ ಸುಮಾರು ೩೦ ಕಿಲೋಮೀಟರು. ಸಿರುಗುಪ್ಪದಿಂದ ಸುಮಾರು ೫೫. ದಾರಿಯಲ್ಲಿ ಎತ್ತಿನ ಗಾಡಿಯಾಗಲಿ ಭತ್ತದ ಲಾರಿಯಾಗಲಿ ಅಡ್ಡ ಬಾರದೆ ಹೋದರೂ ಸಿರುಗುಪ್ಪದವನಿಗೆ ಒಂದು ಗಂಟೆ. ತಾಲ್ಲೂಕಿನ ಆಸ್ಪತ್ರೆಯು ಊರಲ್ಲಿಯೇ ಇದೆ. ಆದರೆ ಗಿರಣಿಯ ಅಂಗಳದಿಂದ ಅದರ ಬಾಗಿಲಿಗೆ ಮುಟ್ಟಲು ಗಾಡಿ ಸಿಕ್ಕಬೇಕು, ಎತ್ತಿ ಮಲಗಿಸಬೇಕು, ಸಂತೆಯ ದಾರಿ ಬಿಡಬೇಕು. ಕರ್ನಾಟಕದಲ್ಲಿ ೨೦೦೮ರ ನವೆಂಬರ್ ೧ರಂದು ಆರಂಭವಾದ ೧೦೮ರ ಆರೋಗ್ಯಕವಚವು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೂ ಅದರ ಗಾಡಿಗೆ ರೆಕ್ಕೆಗಳಿಲ್ಲ. ಎದೆಯನ್ನು ಒತ್ತುವವರಿಲ್ಲದೆ ಹೋದರೆ, ವಿದ್ಯುದಾಘಾತವು ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ೭ರಿಂದ ೧೦ರಷ್ಟು ಕುಗ್ಗುತ್ತದೆಂದು ವೈದ್ಯರ ಲೆಕ್ಕ. ಒತ್ತುತ್ತಿದ್ದರೆ ಆ ಕುಗ್ಗುವಿಕೆಯು ೩–೪ಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಸುಮ್ಮನಿದ್ದ ಬಳಿಕ ಹೊರಟವನಿಗೆ ಬಳ್ಳಾರಿಯಲ್ಲಿ ಇಂದ್ರನ ಆಸ್ಪತ್ರೆಯೇ ಇದ್ದರೂ ಫಲವೇನು?

ತುಂಗಭದ್ರೆಯ ತೀರದವರಿಗೆ ಈ ಅವಸರದ ಕಥೆ ಹೊಸತಲ್ಲ. ಕಿಷ್ಕಿಂಧೆಯು ಇದೇ ಸೀಮೆಯೆಂದೂ ಆನೆಗೊಂದಿಯ ಬಳಿಯ ಅಂಜನಾದ್ರಿಯು ಹನುಮಂತನು ಹುಟ್ಟಿದ ಬೆಟ್ಟವೆಂದೂ ಅವರ ನಂಬಿಕೆ. ಲಕ್ಷ್ಮಣನು ಮೂರ್ಛೆ ಹೋದಾಗ ಸುಷೇಣನು ಮದ್ದನ್ನು ಹೇಳಿದನು, ಹನುಮಂತನು ಹಾರಿಹೋಗಿ ಬೆಟ್ಟವನ್ನೇ ತಂದನು. ವೈದ್ಯನನ್ನೂ ವಾಹನವನ್ನೂ ಈ ಕಥೆಯು ಬಣ್ಣಿಸುವಷ್ಟು, ಮದ್ದು ಬರುವವರೆಗೆ ಬಿದ್ದವನ ಪಕ್ಕದಲ್ಲಿ ಕುಳಿತಿದ್ದವರನ್ನು ಬಣ್ಣಿಸುವುದಿಲ್ಲ. ಇಂದಿಗೂ ಜನರ ಮನಸ್ಸು ಆಂಬುಲೆನ್ಸಿನ ಮೇಲೆ, ದೊಡ್ಡ ಆಸ್ಪತ್ರೆಯ ಮೇಲೆ, ಎಂದರೆ ಹಾರಿಹೋಗಿ ತರುವುದರ ಮೇಲೆಯೇ ಇದೆ. ಪಕ್ಕದಲ್ಲಿ ಕುಳಿತವನದೂ ಒಂದು ಪಾತ್ರವೆಂದು ಹೊಳೆಯುವುದಿಲ್ಲ. ಆ ಪಾತ್ರವನ್ನು ಚಿತ್ರಿಸಿದ ಕಥೆ ಬೇರೊಂದಿದೆ. ಸತ್ಯವಂತನು ಕಾಡಿನಲ್ಲಿ ಸೌದೆ ಕಡಿಯುತ್ತಿದ್ದಾಗ ಬೆವರಿ, ತಲೆನೋವೆಂದು ಕೊಡಲಿಯನ್ನು ಬಿಟ್ಟು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟನು. ಆಯುಸ್ಸು ತೀರಿತೆಂಬುದು ಅಲ್ಲಿ ಯಾರೋ ದಾರಿಹೋಕರ ಅಭಿಪ್ರಾಯವಾಗಿರಲಿಲ್ಲ. ಸಾಕ್ಷಾತ್ ಯಮನೇ ಬಂದು ಹಾಗೆಂದು ಹೇಳಿದನು. ಸಾವಿತ್ರಿಯು ಅಷ್ಟಕ್ಕೂ ತಲೆದೂಗಲಿಲ್ಲ. ಆಯುಸ್ಸಿನಲ್ಲಿ ನಂಬಿಕೆಯಿದ್ದವಳೇ ಆಕೆ. ನಾರದನ ಮಾತನ್ನು ನಂಬಿ ಒಂದು ವರ್ಷ ದಿನವೆಣಿಸಿದ್ದಳು. ನಂಬಿಕೆಯು ಆಕೆಯ ಕೈಯನ್ನು ಕಟ್ಟಲಿಲ್ಲ, ಸಿದ್ಧಗೊಳಿಸಿತು. ವಿಧಿಯನ್ನು ನಂಬುವುದಕ್ಕೂ ವಿಧಿಯ ಹೆಸರಿನಲ್ಲಿ ಕೈಚೆಲ್ಲುವುದಕ್ಕೂ ನಡುವಿನ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಥೆ ದುರ್ಲಭ. ವರ್ಷಕ್ಕೊಮ್ಮೆ ಆಲದ ಮರಕ್ಕೆ ನೂಲು ಸುತ್ತುವ ಮನೆಗಳಲ್ಲಿ ಈ ಅಂಶವು ಏಕೋ ಹಿಂದೆ ಬಿದ್ದಿದೆ.

ಕಥೆಯ ಮಾತು ಹಾಗಿರಲಿ, ಕಾನೂನು ಏನೆನ್ನುತ್ತದೆ? ಇಂಡಿಯಾಕ್ಕೆ ದಂಡಸಂಹಿತೆಯ ಕರಡನ್ನು ೧೮೩೭ರಲ್ಲಿ ಸಿದ್ಧಪಡಿಸಿದ ಮೆಕಾಲೆಯು, ಮಾಡಿದ ಕೇಡಿಗೆ ಶಿಕ್ಷೆಯಿರುವಂತೆ ಮಾಡದೆ ಬಿಟ್ಟ ಉಪಕಾರಕ್ಕೂ ಶಿಕ್ಷೆಯಿರಬೇಕೇ ಎಂದು ದೀರ್ಘವಾಗಿ ಚರ್ಚಿಸಿದನು. ಕಲ್ಕತ್ತೆಯ ಶಸ್ತ್ರವೈದ್ಯನೊಬ್ಬನು ಮೀರತ್ತಿಗೆ ಹೋಗಿ ಶಸ್ತ್ರಕ್ರಿಯೆ ಮಾಡಿದರೆ ಒಬ್ಬನು ಬದುಕುತ್ತಾನೆ, ಹೋಗದಿದ್ದರೆ ಸಾಯುತ್ತಾನೆ, ಆ ಕೆಲಸವನ್ನು ಬಲ್ಲವನು ದೇಶದಲ್ಲಿ ಅವನೊಬ್ಬನೇ ಎಂದಿಟ್ಟುಕೊಂಡರೂ, ಹೋಗಲೊಲ್ಲೆನೆಂದ ವೈದ್ಯನನ್ನು ಕೊಲೆಗಾರನೆನ್ನಲಾಗದೆಂಬುದು ಅವನು ಕೊಟ್ಟ ಉದಾಹರಣೆ. ಎಲ್ಲಿಯವರೆಗೆ ಹೋಗಬೇಕು, ಎಷ್ಟು ಕಷ್ಟಪಡಬೇಕು ಎಂಬ ಗೆರೆಯನ್ನು ಎಳೆಯುವುದು ಕಾನೂನಿನ ಕೈಲಾಗದ ಕೆಲಸವೆಂದು ಅವನು ಅದನ್ನು ಲೋಕದ ನೀತಿಗೂ ಧರ್ಮೋಪದೇಶಕರಿಗೂ ಬಿಟ್ಟನು. ೧೮೬೦ರಲ್ಲಿ ಅಂಗೀಕೃತವಾದ ಸಂಹಿತೆಯೂ, ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ನ್ಯಾಯಸಂಹಿತೆಯೂ, ಅಪರಿಚಿತನನ್ನು ಉಳಿಸದೆ ಹೋದನೆಂದು ಸಾಮಾನ್ಯ ಮನುಷ್ಯನನ್ನು ದಂಡಿಸುವುದಿಲ್ಲ. ಜರ್ಮನಿಯಲ್ಲಿ ಹಾಗಲ್ಲ, ಅಪಾಯದಲ್ಲಿದ್ದವನಿಗೆ ತನ್ನಿಂದಾಗುವ ಸಹಾಯವನ್ನು ಮಾಡದೆ ಹೋದವನಿಗೆ ಅಲ್ಲಿ ಒಂದು ವರ್ಷದವರೆಗೂ ಸೆರೆವಾಸವಾಗಬಹುದು. ಅದೇ ದೇಶದಲ್ಲಿ ಮೋಟಾರು ನಡೆಸುವ ಪರವಾನೆ ಬೇಕೆನ್ನುವವನು ಮೊದಲು ಪ್ರಥಮಚಿಕಿತ್ಸೆಯನ್ನು ಕಲಿಯಬೇಕು. ಕರ್ತವ್ಯವನ್ನು ವಿಧಿಸಿದವರು ವಿದ್ಯೆಯನ್ನೂ ಕೊಟ್ಟರೆಂಬುದು ಗಮನಿಸತಕ್ಕ ವಿಷಯ.

ಮೆಕಾಲೆಯ ವಾದದ ಬಲವೆಲ್ಲ ಇರುವುದು ದೂರದಲ್ಲಿ. ಕಲ್ಕತ್ತೆಗೂ ಮೀರತ್ತಿಗೂ ನಡುವೆ ನೂರಾರು ಮೈಲಿಗಳಿವೆ. ಅಷ್ಟು ದೂರ ಹೋಗೆಂದು ಯಾರು ಯಾರಿಗೆ ಹೇಳಬಲ್ಲರು? ಆದರೆ ಗಿರಣಿಯ ಅಂಗಳದಲ್ಲಿ ಬಿದ್ದವನಿಗೂ ನಿಂತವನಿಗೂ ನಡುವೆ ಇರುವುದು ಒಂದು ತೋಳಿನ ಅಳತೆ. ಹಣವಿಲ್ಲ, ಪ್ರಯಾಣವಿಲ್ಲ, ಪ್ರಾಣಾಪಾಯವಿಲ್ಲ. ಮೊಣಕಾಲೂರಿ ಕುಳಿತರೆ ಸಾಕು. ಇಲ್ಲಿ ದೂರವಿರುವುದು ದಾರಿಯಲ್ಲಲ್ಲ, ಅರಿವಿನಲ್ಲಿ. ಆ ದೂರವನ್ನು ಬಿದ್ದ ಹೊತ್ತಿನಲ್ಲಿ ಕ್ರಮಿಸಲಾಗುವುದಿಲ್ಲ. ಒಂದು ವರ್ಷ ಮುಂಚೆ, ಒಂದು ಬಿಡುವಿನ ಮಧ್ಯಾಹ್ನ, ಕ್ರಮಿಸಿರಬೇಕು.

ಇಲ್ಲಿ ಒಂದು ಸೂಕ್ಷ್ಮವಾದ ಆಕ್ಷೇಪಣೆ ಬರುತ್ತದೆ. ಅರಿಯದವನಲ್ಲಿ ದೋಷವಿಲ್ಲವೆಂಬುದು ಎಲ್ಲ ಶಾಸ್ತ್ರಗಳೂ ಒಪ್ಪುವ ಮಾತು. ಮಾಡಬೇಕಾದುದನ್ನು ತಿಳಿಯದವನು ಮಾಡಲಿಲ್ಲವೆಂದು ಅವನನ್ನು ಹಳಿಯುವುದು ಅನ್ಯಾಯವಲ್ಲವೇ? ಸರಿ, ಆದರೆ ಅರಿಯದಿರುವುದರಲ್ಲಿ ಎರಡು ಬಗೆಯಿದೆ. ತಿಳಿಯುವ ದಾರಿಯಿಲ್ಲದೆ ಅರಿಯದಿರುವುದು ಒಂದು. ದಾರಿಯಿದ್ದೂ ಅತ್ತ ಹೋಗದೆ ಅರಿಯದಿರುವುದು ಇನ್ನೊಂದು. ಮೂಟೆ ಹೊರುವ ಹಮಾಲನಿಗೆ ಯಾರೂ ಹೇಳಿಕೊಡಲಿಲ್ಲ. ಅವನ ಅಜ್ಞಾನವು ಅವನದಲ್ಲ, ಊರಿನದು. ಆದರೆ ಪತ್ರಿಕೆ ಓದುವ, ಮಕ್ಕಳನ್ನು ಎಂಜಿನಿಯರು ಡಾಕ್ಟರುಗಳನ್ನಾಗಿ ಮಾಡುವ, ಅಂಗೈಯಲ್ಲಿ ಜಗತ್ತಿನ ಸುದ್ದಿಯನ್ನೆಲ್ಲ ಹಿಡಿದುಕೊಂಡಿರುವ ವಿದ್ಯಾವಂತ ಮನೆಯು ಈ ನೆಪವನ್ನು ಎಷ್ಟು ದಿನ ಹೇಳಬಹುದು? ಹಠಾತ್ತಾದ ಸ್ತಂಭನಗಳಲ್ಲಿ ಬಹುಪಾಲು ಸಂಭವಿಸುವುದು ಬೀದಿಯಲ್ಲಲ್ಲ, ಮನೆಯಲ್ಲಿ. ಆದುದರಿಂದ ಇದನ್ನು ಪರೋಪಕಾರವೆಂದು ಹೊಗಳುವುದೂ ಅಷ್ಟು ಸರಿಯಲ್ಲ. ಗಂಡನ ಎದೆಯನ್ನು ಹೆಂಡತಿಯೂ, ತಾಯಿಯ ಎದೆಯನ್ನು ಮಗನೂ ಒತ್ತಬೇಕಾದ ಪ್ರಸಂಗವೇ ಹೆಚ್ಚು.

ಆದರೆ ಈ ವಾದವನ್ನು ಹಿಡಿದುಕೊಂಡು, ಈಗಾಗಲೆ ಕಳೆದುಕೊಂಡವರ ಮನೆಗೆ ಹೋಗಬಾರದು. ತಂದೆಯು ಊಟದ ಎಲೆಯ ಮುಂದೆ ಕುಸಿದಾಗ ಏನೂ ತೋಚದೆ ನಿಂತ ಮಗನಿಗೆ, "ನೀನು ಹೀಗೆ ಮಾಡಬಹುದಾಗಿತ್ತು" ಎಂದು ಹೇಳುವುದು ಕ್ರೌರ್ಯ. ಆತನಿಗೆ ಹೇಳತಕ್ಕುದು ಆ ಹಳೆಯ ಮಾತನ್ನೇ. ಅದು ಸುಳ್ಳೂ ಅಲ್ಲ. ಚೆನ್ನಾಗಿ ಕಲಿತವರು ಒಡನೆಯೇ ಒತ್ತತೊಡಗಿದರೂ ಹೆಚ್ಚಿನವರು ಬದುಕುವುದಿಲ್ಲ. ಬಹಳ ಮುಂದುವರಿದ ದೇಶಗಳಲ್ಲಿಯೂ ಆಸ್ಪತ್ರೆಯ ಹೊರಗೆ ಬಿದ್ದವರಲ್ಲಿ ಬದುಕಿ ಮನೆಗೆ ಬರುವವರು ಹತ್ತಕ್ಕೆ ಒಬ್ಬರೋ ಇಬ್ಬರೋ. ಒತ್ತಿ, ಬೆವರಿ, ಪಕ್ಕೆಲುಬು ಮುರಿದ ಸದ್ದನ್ನೂ ಕೇಳಿ, ಕಡೆಗೆ ಬರಿಗೈಯಲ್ಲಿ ಎದ್ದವನ ನೋವು ಏನೂ ಮಾಡದೆ ನಿಂತವನ ನೋವಿಗಿಂತ ಕಡಮೆಯೆಂದು ಹೇಳುವಂತಿಲ್ಲ. ಆದರೂ ಅವೆರಡು ನೋವುಗಳ ಜಾತಿ ಬೇರೆ.

ಜಾತಿಯೆಂಬ ಮಾತು ಬಂದುದರಿಂದ, ಹೇಳಲು ಹಿತವಲ್ಲದ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಈ ವಿದ್ಯೆಯು ಮುಟ್ಟದೆ ನಡೆಯುವುದಿಲ್ಲ. ಬಿದ್ದವನ ಅಂಗಿಯ ಗುಂಡಿಯನ್ನು ಬಿಚ್ಚಿ, ಬರಿಯೆದೆಯ ಮೇಲೆ ಅಂಗೈಯಿಟ್ಟು, ಮೈಭಾರವನ್ನೆಲ್ಲ ಹಾಕಬೇಕು. ಯಾರು ಯಾರನ್ನು ಮುಟ್ಟಬೇಕು, ಮುಟ್ಟಬಾರದು ಎಂಬುದಕ್ಕೆ ಸಾವಿರ ವರ್ಷಗಳ ಲೆಕ್ಕವನ್ನಿಟ್ಟ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಹಳ್ಳಿಯ ಕಟ್ಟೆಯ ಮೇಲೆ ಬಿದ್ದವನು ಯಾರ ಪೈಕಿಯೆಂದು ಕೇಳಿ ತಿಳಿಯುವಷ್ಟರಲ್ಲಿ ಒಂದು ನಿಮಿಷ ಹೋಗುತ್ತದೆ. ಆ ಒಂದು ನಿಮಿಷದ ಬೆಲೆಯನ್ನು ಮೇಲೆ ಹೇಳಿದೆ. ಬಿದ್ದವಳು ಹೆಂಗಸಾದರೆ ಸಂಕೋಚವು ಇಮ್ಮಡಿ. ಇದು ಈ ದೇಶದ ದೋಷ ಮಾತ್ರವೆಂದೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ನಡೆದ ಒಂದು ಪರಿಶೀಲನೆಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಬಿದ್ದ ಗಂಡಸರಲ್ಲಿ ನೂರಕ್ಕೆ ೪೫ ಮಂದಿಗೆ ದಾರಿಹೋಕರ ಸಹಾಯ ದೊರಕಿದರೆ, ಹೆಂಗಸರಲ್ಲಿ ೩೯ ಮಂದಿಗೆ ಮಾತ್ರ ದೊರಕಿತ್ತು. ಬೇಸಗೆಯ ಬಳ್ಳಾರಿಯಲ್ಲಿ ಬಸ್ ನಿಲ್ದಾಣದ ಬಿಸಿಲಿಗೆ ಕುಸಿದ ಹೆಂಗಸನ್ನು ಹತ್ತು ಮಂದಿ ಗಂಡಸರು ನೋಡುತ್ತ ನಿಂತು, "ಯಾರಾದರೂ ಹೆಣ್ಣುಮಕ್ಕಳು ಬನ್ನಿರಮ್ಮ" ಎಂದು ಕೂಗುವರೆ, ಅವರಲ್ಲಿರುವುದು ಮರ್ಯಾದೆಯೇ ಹೌದು; ಆದರೆ ಆ ಮರ್ಯಾದೆಯ ಬೆಲೆಯನ್ನು ತೆರುವವಳು ಆಕೆ. ಹೆರಿಗೆಯಲ್ಲಿ ಸೂಲಗಿತ್ತಿಯ ಕೈಗೂ ಸುಡುಗಾಡಿನಲ್ಲಿ ಹೆಗಲು ಕೊಡುವವರಿಗೂ ಮೈಲಿಗೆ ಬಾಧಿಸದೆಂದು ಊರು ಒಪ್ಪಿದೆ. ಅವೆರಡರ ನಡುವೆ ಬರುವ ಈ ಕೈಗೂ ಅದೇ ವಿನಾಯಿತಿ ಬೇಕು.

ಇನ್ನು ಪೋಲೀಸು, ಕಚೇರಿಗಳ ಭಯ. "ಮುಟ್ಟಿದರೆ ಸಾಕ್ಷಿಗೆ ಅಲೆಯಬೇಕು, ಸತ್ತರೆ ತಲೆಗೆ ಬರುತ್ತದೆ" ಎಂಬ ಮಾತು ಪ್ರತಿಯೊಂದು ಗುಂಪಿನಲ್ಲಿಯೂ ಕೇಳಬರುತ್ತದೆ. ಪ್ರಜ್ಞೆ ತಪ್ಪಿದವನ ಒಳಿತಿಗಾಗಿ ಸದ್ಬುದ್ಧಿಯಿಂದ ಮಾಡಿದ ಕೆಲಸವು, ಅವನ ಒಪ್ಪಿಗೆಯನ್ನು ಪಡೆಯಲಾಗದಿದ್ದರೂ, ಅಪರಾಧವಲ್ಲವೆಂದು ೧೮೬೦ರ ಸಂಹಿತೆಯ ೯೨ನೆಯ ಕಲಮು ಹೇಳಿತ್ತು; ಈಗಿನದರಲ್ಲಿ ಅದು ೩೦ನೆಯ ಕಲಮಾಗಿದೆ. ರಸ್ತೆಯ ಅಪಘಾತಗಳಲ್ಲಿ ನೆರವಾದವರನ್ನು ಕಾಡಿಸಬಾರದೆಂದು ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು; ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಯಲ್ಲಿಯೂ ಆ ರಕ್ಷಣೆ ಸೇರಿತು. ಭಯಕ್ಕೆ ಈಗ ಆಧಾರವು ಕಡಮೆ. ಅಭ್ಯಾಸವು ಮಾತ್ರ ಉಳಿದಿದೆ.

ಇದಕ್ಕೆ ವಿರುದ್ಧವಾದ ಒಂದು ಮಾತೂ ಇದೆ; ಅದನ್ನು ಮರೆತರೆ ವಿಚಾರವು ಏಕಪಕ್ಷೀಯವಾದೀತು. ಪ್ರತಿಯೊಂದು ಸಾವನ್ನೂ ತಡೆಯುವುದು ಧರ್ಮವೇ? ಮಾಗಿದ ಹಣ್ಣು ತೊಟ್ಟು ಕಳಚುವಂತೆ, ದೀರ್ಘ ರೋಗದ ಕೊನೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚುವ ಮುದುಕಿಯ ಎಲುಬುಗಳನ್ನು ಮುರಿಯುವುದರಿಂದ ಯಾವ ಉಪಕಾರವಾಗುತ್ತದೆ? ಅಲ್ಲಿ ಬೇಕಾದುದು ಗಂಗೋದಕವೇ ಹೊರತು ಯಂತ್ರವಲ್ಲ. ಘನತೆಯಿಂದ ಸಾಯುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಎತ್ತಿ ಹಿಡಿಯಿತು. ಆ ತೀರ್ಪನ್ನು ನಡೆಯಿಸುವ ಆಜ್ಞೆಯನ್ನು ಕರ್ನಾಟಕ ಸರ್ಕಾರವು ೨೦೨೫ರ ಜನವರಿಯಲ್ಲಿ ಹೊರಡಿಸಿತು. ಬರಬೇಕಾಗಿ ಬಂದ ಸಾವನ್ನು ಬರಮಾಡಿಕೊಳ್ಳುವುದೂ, ಕಳ್ಳನಂತೆ ನುಗ್ಗಿದ ಸಾವನ್ನು ಬಾಗಿಲಲ್ಲಿ ತಡೆಯುವುದೂ ಒಂದೇ ವಿವೇಕದ ಎರಡು ಕೈಗಳು. "ಆಯುಸ್ಸು ತೀರಿತು" ಎಂಬ ಮಾತಿಗೆ ಮುದುಕಿಯ ಹಾಸಿಗೆಯ ಬಳಿ ಸ್ಥಾನವಿದೆ. ಗುಮಾಸ್ತನ ತೂಕದ ಚೀಟಿಯ ಬಳಿ ಇಲ್ಲ.

೨೦೨೧ರ ಅಕ್ಟೋಬರ್ ೨೯ರಂದು ಚಲನಚಿತ್ರನಟ ಪುನೀತ್ ರಾಜಕುಮಾರರು ೪೬ರ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡಾಗ ನಾಡಿಗೆ ನಾಡೇ ಬೆಚ್ಚಿತು. ೨೦೨೫ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ೪೦ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೀಗೆಯೇ ಸತ್ತರೆಂಬ ಸುದ್ದಿ ಹರಡಿದಾಗ, ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಎರಡು ಸಲವೂ ಜನರು ಮಾಡಿದ ಕೆಲಸ ಒಂದೇ: ಜಯದೇವದ ಬಾಗಿಲಲ್ಲಿ ತಮ್ಮ ತಮ್ಮ ಎದೆಯನ್ನು ಪರೀಕ್ಷಿಸಿಕೊಳ್ಳಲು ಸಾಲುಗಟ್ಟಿ ನಿಂತರು. ಅದು ತಪ್ಪಲ್ಲ. ಆದರೆ ಇನ್ನೊಬ್ಬರ ಎದೆಯನ್ನು ಒತ್ತುವುದು ಹೇಗೆಂದು ಕಲಿಯಲು ಅಂತಹ ಸಾಲು ಎಲ್ಲಿಯೂ ಕಾಣಲಿಲ್ಲ. ಭಯವು ಮನುಷ್ಯನನ್ನು ತನ್ನ ಹೃದಯದ ಕಡೆಗೆ ನೋಡುವಂತೆ ಮಾಡುತ್ತದೆ. ಆದರೆ ತನ್ನ ಹೃದಯವು ನಿಂತ ದಿನ ಯಾರೂ ತನ್ನನ್ನು ತಾನು ಉಳಿಸಿಕೊಳ್ಳಲಾರರು, ಆ ದಿನ ಬೇಕಾಗುವುದು ಪಕ್ಕದವನ ಕೈ ಎಂಬುದು ಎಷ್ಟು ಸರಳವೋ ಅಷ್ಟೇ ಮರೆತುಹೋಗುವ ಸತ್ಯ. ಸರ್ಕಾರವು ೨೦೨೩ರಲ್ಲಿ ಪುನೀತರ ಹೆಸರಿನಲ್ಲಿಯೇ ಹೃದಯಜ್ಯೋತಿ ಯೋಜನೆಯನ್ನು ಪ್ರಕಟಿಸಿತು. ಚಿಕ್ಕ ಊರಿನ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುವುದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುವ ವ್ಯವಸ್ಥೆ ಮಾಡುವುದು, ಜನ ಸೇರುವೆಡೆಗಳಲ್ಲಿ ಎ.ಇ.ಡಿ. ಎಂಬ ವಿದ್ಯುದಾಘಾತದ ಯಂತ್ರವನ್ನಿಡುವುದು ಅದರ ಉದ್ದೇಶಗಳು. ಗುಮಾಸ್ತನು ಬೆಳಗಿನ ಎದೆಯುರಿಯನ್ನು ಪಿತ್ತವೆಂದು ತಳ್ಳಿಹಾಕದೆ ಹೋಗಿ ತೋರಿಸಿದ್ದರೆ ಇಂತಹ ಏರ್ಪಾಡಿನಿಂದ ಮಧ್ಯಾಹ್ನದ ಸ್ತಂಭನವೇ ತಪ್ಪಬಹುದಾಗಿತ್ತು. ಇದು ಸರ್ಕಾರದ ಪಾಲಿನ ಕೆಲಸ. ನೆರೆಯವನ ಕರ್ತವ್ಯವನ್ನು ಹೊಗಳಿ ಸರ್ಕಾರದ ಕರ್ತವ್ಯವನ್ನು ಮರೆಸಕೂಡದು. ಎರಡೂ ಬೇಕು.

ಈ ಯಂತ್ರದ ವಿಷಯವಾಗಿ ಒಂದು ಸ್ವಾರಸ್ಯವುಂಟು. ಅಮೆರಿಕದ ಲಾಸ್ ವೇಗಾಸಿನ ಜೂಜಿನ ಮನೆಗಳಲ್ಲಿ ಕಾವಲುಗಾರರಿಗೆ ಅದನ್ನು ಬಳಸಲು ಕಲಿಸಿದರು. ಕಂಡವರ ಮುಂದೆಯೇ ಬಿದ್ದು, ಹೃದಯವು ಕಂಪಿಸುತ್ತಿದ್ದವರಲ್ಲಿ, ಮೂರು ನಿಮಿಷದೊಳಗೆ ಆಘಾತ ಕೊಟ್ಟಾಗ ನೂರಕ್ಕೆ ೭೪ ಮಂದಿಯೂ, ಅದಕ್ಕಿಂತ ತಡವಾದಾಗ ೪೯ ಮಂದಿಯೂ ಬದುಕಿದರೆಂದು ೨೦೦೦ದಲ್ಲಿ ಪ್ರಕಟವಾಯಿತು. ಜೂಜಿನ ಮೇಜಿನ ಬಳಿ ಬಿದ್ದವನಿಗೆ ದೇವಸ್ಥಾನದ ಮೆಟ್ಟಿಲ ಮೇಲೆ ಬಿದ್ದವನಿಗಿಂತ ಬದುಕುವ ಅವಕಾಶವು ಹೆಚ್ಚಾದರೆ, ಅದಕ್ಕೆ ಉತ್ತರ ಹೇಳಬೇಕಾದವನು ದೇವರಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಿನ ಬೀದಿಯು ಜನರಿಂದ ಕಿಕ್ಕಿರಿಯುತ್ತದೆ. ಅಂಬಲಿ, ಮಜ್ಜಿಗೆ, ಪಾನಕಗಳ ಅರವಟ್ಟಿಗೆಗಳು ಅಲ್ಲಲ್ಲಿ ಏಳುತ್ತವೆ. ಬಾಯಾರಿದವನಿಗೆ ನೀರು ಕೊಡುವುದು ಪುಣ್ಯವೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂತಹ ಒಂದು ಅರವಟ್ಟಿಗೆಯಲ್ಲಿ ಒಂದು ಮೋಟಾರುಬೈಕಿನ ಬೆಲೆಯ ಆ ಪೆಟ್ಟಿಗೆಯನ್ನೂ, ಅದನ್ನು ಬಲ್ಲ ಇಬ್ಬರು ಹುಡುಗರನ್ನೂ ಇರಿಸುವುದು ಅದೇ ಪುಣ್ಯದ ಮುಂದುವರಿಕೆ. ಮುಚ್ಚಳ ತೆರೆದರೆ ಮುಂದೇನು ಮಾಡಬೇಕೆಂದು ಆ ಯಂತ್ರವೇ ಮಾತಾಡಿ ಹೇಳುತ್ತದೆ. ಆಘಾತವು ಬೇಕೋ ಬೇಡವೋ ಎಂಬುದನ್ನೂ ತಾನೇ ನಿರ್ಣಯಿಸುತ್ತದೆ.

ಡೆನ್ಮಾರ್ಕಿನಲ್ಲಿ ೨೦೦೫ರಿಂದ ಶಾಲೆಯ ಮಕ್ಕಳಿಗೂ, ೨೦೦೬ರಿಂದ ವಾಹನದ ಪರವಾನೆ ಬೇಡುವವರಿಗೂ ಈ ವಿದ್ಯೆಯನ್ನು ಕಡ್ಡಾಯಮಾಡಿದರು. ೨೦೦೧ರಲ್ಲಿ ಬಿದ್ದವರ ಪೈಕಿ ನೂರಕ್ಕೆ ಸುಮಾರು ೨೧ ಮಂದಿಯ ಎದೆಯನ್ನು ದಾರಿಹೋಕರು ಒತ್ತಿದ್ದರು. ೨೦೧೦ರ ವೇಳೆಗೆ ಆ ಸಂಖ್ಯೆಯು ೪೫ಕ್ಕೆ ಏರಿತು. ಮೂವತ್ತು ದಿನಗಳ ಬಳಿಕವೂ ಬದುಕಿದ್ದವರು ಅದೇ ಅವಧಿಯಲ್ಲಿ ನೂರಕ್ಕೆ ೩.೫ರಿಂದ ೧೦.೮ ಆದರು. ಇದಕ್ಕೆ ಬೇರೆ ಕಾರಣಗಳೂ ಸೇರಿರಬಹುದು. ಆದರೆ ಆ ಹತ್ತು ವರ್ಷಗಳಲ್ಲಿ ಡೇನರ ಹಣೆಬರಹವನ್ನು ಯಾರೂ ತಿದ್ದಿ ಬರೆಯಲಿಲ್ಲ, ಶಾಲೆಯ ಪಾಠಪಟ್ಟಿಯನ್ನು ತಿದ್ದಿದರು.

ಸಿರುಗುಪ್ಪದ ಗಿರಣಿಗೆ ಅಷ್ಟು ದೂರದ ಸಲಕರಣೆಗಳೇನೂ ಬೇಕಾಗಿಲ್ಲ. ಎದೆಯನ್ನೊತ್ತುವುದು ಬಹಳ ಆಯಾಸದ ಕೆಲಸ. ಎರಡು ನಿಮಿಷದಲ್ಲಿ ಗಟ್ಟಿಮುಟ್ಟಾದವನ ತೋಳೂ ಸೋಲುತ್ತದೆ, ಒತ್ತು ಆಳಕ್ಕೆ ಇಳಿಯುವುದಿಲ್ಲ. ಆದುದರಿಂದ ಎರಡೆರಡು ನಿಮಿಷಕ್ಕೆ ಆಳು ಬದಲಾಗಬೇಕು, ಬದಲಾಗುವಾಗ ಲಯವು ತಪ್ಪಬಾರದೆಂದು ಪುಸ್ತಕಗಳು ಹೇಳುತ್ತವೆ. ಇದನ್ನು ಓದುಬಲ್ಲ ಮನೆಯವರಿಗೆ ಕಲಿಸಬೇಕಾದೀತು. ಮೂಟೆಯನ್ನು ಲಾರಿಗೆ ಏರಿಸುವ ಹಮಾಲನು ಅದನ್ನು ಬಲ್ಲ. ಒಬ್ಬನ ಬೆನ್ನು ಬಾಗಿದೊಡನೆ ಇನ್ನೊಬ್ಬನು ಹೆಗಲು ಕೊಡುತ್ತಾನೆ, ಲೆಕ್ಕವನ್ನು ಗಟ್ಟಿಯಾಗಿ ಕೂಗುತ್ತಾರೆ, ಸಾಲು ನಿಲ್ಲುವುದಿಲ್ಲ. ಆ ಅಂಗಳದಲ್ಲಿ ಅಂದು ಜಿಲ್ಲೆಯಲ್ಲೆಲ್ಲ ಬಲವಾದ ಮೂವತ್ತು ಕೈಗಳಿದ್ದುವು, ಸರದಿಯ ಮೇಲೆ ದುಡಿಯುವ ಅಭ್ಯಾಸವಿತ್ತು, ಬಿದ್ದವನ ಮೇಲೆ ಪ್ರೀತಿಯಿತ್ತು. ಕೈಯನ್ನು ಎಲ್ಲಿಡಬೇಕೆಂದು ಹೇಳುವವರು ಮಾತ್ರ ಅಲ್ಲಿಗೆ ಎಂದೂ ಹೋಗಿರಲಿಲ್ಲ.